ಅಲುಗದ ಕಬ್ಬಿಣ

ಕೆಂಗುಡ್ಡದ ಹೊಸ ಕೇರಿಯಲ್ಲಿ ಯಾರೂ ಗೋಡೆಗೆ ಮೊಳೆ ಹೊಡೆಯುತ್ತಿರಲಿಲ್ಲ. ಕುಡುಗೋಲನ್ನು ಗೋಡೆಯ ಹತ್ತಿರ ಒಯ್ದರೆ ಸಾಕು, ಟಪ್ಪೆಂದು ಅಂಟಿಕೊಂಡು ನಿಂತುಬಿಡುತ್ತಿತ್ತು. ರೊಟ್ಟಿಯ ಹಂಚು, ಕತ್ತರಿ, ಸುತ್ತಿಗೆ, ಬೀಗದ ಕೈ ಎಲ್ಲಕ್ಕೂ ಗೋಡೆಯೇ ಗೂಟ. ಹೊಸದಾಗಿ ಬಂದ ನೆಂಟರು ಗೋಡೆಗೆ ಒರಗಿ ಕೂತು ಹರಟೆ ಹೊಡೆದು, ಏಳುವಾಗ ಜೇಬಿನಲ್ಲಿದ್ದ ಬೀಗದ ಕೈಗೊಂಚಲು ಗೋಡೆಗೆ ಕಚ್ಚಿಕೊಂಡು ಅಂಗಿ ಹರಿದುಕೊಳ್ಳುವುದಿತ್ತು. ಕೇರಿಯ ಹೆಂಗಸರಿಗೆ ಅದೊಂದು ಖಾಯಂ ತಮಾಷೆ. ಮೊದಲೇ ಎಚ್ಚರಿಸುತ್ತಿರಲಿಲ್ಲ, ಹರಿದ ಮೇಲೆ ಸೂಜಿ ದಾರ ತಂದುಕೊಡುತ್ತಿದ್ದರು.

ಈ ಗೋಡೆಗಳನ್ನು ಹುಟ್ಟಿಸಿದವಳು ಸುಂಕಮ್ಮ. ಎಲ್ಲಿಂದಲೋ ಬಂದ ಪಂಡಿತಳಲ್ಲ, ಕೆಂಗುಡ್ಡದ ಗಣಿಯ ಕೆಂಪು ಧೂಳಿನಲ್ಲೇ ಆಡಿ ಬೆಳೆದವಳು. ಹೆತ್ತ ತಾಯಿ ತೀರಿಕೊಂಡಾಗ ಅವಳಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಣ್ಣ ಎರ್ರಿಸ್ವಾಮಿ ಗಣಿಯಲ್ಲಿ ಲಾರಿಗೆ ಅದಿರು ತುಂಬುವ ಕೆಲಸಕ್ಕಿದ್ದ. ಅವನ ಕೈ ಹಿಡಿದು ಬಂದ ಹುಲಿಗೆಮ್ಮ ಈ ನಾದಿನಿಯನ್ನು ಸೊಂಟದ ಮೇಲೆ ಹೊತ್ತು ಸಾಕಿದಳು. ತನ್ನ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲವೆಂದು ಅವಳು ಕೊರಗಿದ್ದನ್ನು ಯಾರೂ ಕಂಡಿರಲಿಲ್ಲ. "ತಲಿ ತಿನ್ನಾಕ ಒಬ್ಬಾಕಿ ಅದಾಳಲ್ಲ, ಇನ್ನೊಂದು ಯಾಕ ಬೇಕು" ಎನ್ನುತ್ತಿದ್ದಳು. ಸುಂಕಮ್ಮನನ್ನು ಸುಂಕಿ ಎಂದು ಕರೆಯುವ ಹಕ್ಕು ಇಡೀ ಲೋಕದಲ್ಲಿ ಅವಳೊಬ್ಬಳಿಗಷ್ಟೇ ಇತ್ತು.

ಆ ಕಾಲದಲ್ಲಿ ಗಣಿಯಲ್ಲಿ ದಿನಾ ಬಂಡೆ ಸಿಡಿಸುತ್ತಿದ್ದರು. ಸಿಡಿಸುವ ಮುಂಚೆ ಸೈರನ್ ಕೂಗುತ್ತಿತ್ತು. ಸೈರನ್ ಕೂಗಿತೆಂದರೆ ಊರಿಗೆ ಊರೇ ಒಳಗೆ. ಕಲ್ಲಿನ ಚೂರು ಎಲ್ಲಿ ಹಾರಿ ಎಲ್ಲಿ ಬೀಳುತ್ತದೆಂದು ಹೇಳಲು ಬರುತ್ತಿರಲಿಲ್ಲ. ಹುಲಿಗೆಮ್ಮ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು ಹೊರಗೆ ಬಂದು, ಬೀದಿಯ ಆ ತುದಿ ಈ ತುದಿ ನೋಡಿ, ಎಲ್ಲೋ ಆಡುತ್ತಿದ್ದ ಸುಂಕಮ್ಮನನ್ನು ರಟ್ಟೆ ಹಿಡಿದು ಎಳೆದುತಂದು ಬಾಗಿಲು ಹಾಕಿ ಚಿಲಕ ಜಡಿಯುತ್ತಿದ್ದಳು. ಸೈರನ್ ನಿಂತ ಮೇಲೆಯೇ ನಿಜವಾದ ಭಯ. ನಿಂತಿತೆಂದರೆ ಕಲ್ಲು ಬಂತೆಂದೇ ಲೆಕ್ಕ. ತಗಡಿನ ಮೇಲೆ ಚೂರುಗಳು ಉದುರುವ ಸದ್ದು ಮುಗಿಯುವ ತನಕ ಮಗುವಿನ ಎರಡೂ ಕಿವಿ ಮುಚ್ಚಿ ಹಿಡಿದುಕೊಂಡಿರುತ್ತಿದ್ದಳು. ಒಂದು ಸಲ ಪಕ್ಕದ ಮನೆಯ ಮುದುಕ ಚಪ್ಪಲಿ ಹುಡುಕುತ್ತ ತಡಮಾಡಿ ಅಂಗಳದಲ್ಲೇ ಪ್ರಾಣ ಬಿಟ್ಟ. ಅಂದಿನಿಂದ ಸೈರನ್ ಕೂಗಿದಾಗ ಕೆಂಗುಡ್ಡದವರು ಯೋಚನೆ ಮಾಡುವುದನ್ನೇ ಬಿಟ್ಟರು. ಕಿವಿಗೆ ಬಿದ್ದರೆ ಸಾಕು, ಕಾಲು ತಾನಾಗಿ ಒಳಗೆ ಓಡುತ್ತಿತ್ತು.

ಆಮೇಲೆ ಅದಿರು ಮುಗಿಯಿತು. ಗಣಿಯವರು ಸೈರನ್ನನ್ನು ಶೆಡ್ಡಿಗೆ ಹಾಕಿ ಬೀಗ ಜಡಿದು ಹೋದರು. ಗುಡ್ಡ ಇದ್ದ ಕಡೆ ಹೊಂಡ, ಹೊಲ ಇದ್ದ ಕಡೆ ಧೂಳಿನ ಗುಡ್ಡ ಉಳಿಯಿತು. ಆ ಧೂಳು ಗಾಳಿಗೆ ಎದ್ದು ಅನ್ನದ ತಟ್ಟೆಗೆ ಬೀಳುತ್ತಿತ್ತು, ಎದೆಯೊಳಗೆ ಇಳಿಯುತ್ತಿತ್ತು. ಎರ್ರಿಸ್ವಾಮಿಯ ಕೆಮ್ಮು ಶುರುವಾದದ್ದು ಆಗಲೇ. ಹಳೆಯ ಊರು ಹೊಂಡದ ಅಂಚಿನಲ್ಲಿ ಕುಸಿಯತೊಡಗಿದಾಗ, ಜನರಿಗೆ ಹೊಸ ಮನೆ ಕಟ್ಟಿಕೊಡಲೇಬೇಕೆಂದು ಮೇಲಿನವರಿಗೆ ಅನಿಸುವಷ್ಟರಲ್ಲಿ ಅರ್ಧ ಊರು ಗುಳೆ ಹೋಗಿತ್ತು.

ಕಟ್ಟಡದ ಇಂಜಿನಿಯರಿಂಗ್ ಓದಿ ಊರೂರು ಸುತ್ತಿ ಬಂದಿದ್ದ ಸುಂಕಮ್ಮನಿಗೆ ಹೊಳೆದದ್ದು ಇಷ್ಟೇ: ಊರನ್ನು ಕೊಲ್ಲುತ್ತಿರುವ ಈ ಧೂಳಿನಿಂದಲೇ ಊರು ಕಟ್ಟಿದರೆ ಹೇಗೆ?

ಧೂಳನ್ನು ಹದವಾಗಿ ಹುರಿದರೆ ಅದಕ್ಕೆ ಅಯಸ್ಕಾಂತದ ಗುಣ ಬರುತ್ತದೆ. ಹಾಗೆ ಹುರಿದ ಪುಡಿಗೆ ಕೇರಿಯವರು ಇಟ್ಟ ಹೆಸರು ಕಾಂತಮಣ್ಣು. ಹಳಿಯ ಮೇಲೆ ಓಡಾಡುವ ಉದ್ದ ತೋಳಿನ ರೋಬಾಟುಗಳು ಈ ಮಣ್ಣನ್ನು ಬೆರಳ ತುದಿಯ ಕಾಂತದಿಂದ ಎತ್ತಿ, ಕಣಕ್ಕೆ ಕಣ ಎದುರಾಗಿಸಿ, ಒಂದು ಇನ್ನೊಂದನ್ನು ಕಚ್ಚುವಂತೆ ಜೋಡಿಸುತ್ತಿದ್ದವು. ಸಿಮೆಂಟಿಲ್ಲ, ನೀರಿಲ್ಲ, ಕಂಬಿಯಿಲ್ಲ. ಮಣ್ಣು ಗರಿ ಕೆದರಿದ ಹಾಗೆ ಎದ್ದು ನಿಂತು ಕಮಾನಾಗಿ ಬಾಗಿ ಛಾವಣಿಯಾಗುವುದನ್ನು ನೋಡಲು ಜನ ಬುತ್ತಿ ಕಟ್ಟಿಕೊಂಡು ಬಂದು ಕೂರುತ್ತಿದ್ದರು. ಪ್ರತಿ ಮನೆಯ ಬುನಾದಿಯಲ್ಲಿ ಒಂದು ಲೋಹದ ಬಳೆ ಹೂತಿರುತ್ತಿತ್ತು. ಅದಕ್ಕೆ ಬೀಗದ ಬಳೆ ಎಂದು ಹೆಸರು. ಕಣಗಳ ಹಿಡಿತವನ್ನೆಲ್ಲ ಕಾಯುತ್ತಿದ್ದದ್ದು ಅದೇ.

ಆ ಬಳೆಯ ದಿಕ್ಕನ್ನು ತಿರುಗಿಸಿದರೆ ಮನೆ ಮತ್ತೆ ಮಣ್ಣು. ಅದಕ್ಕೆ 'ಮನೆ ಬಿಚ್ಚುವುದು' ಎನ್ನುತ್ತಿದ್ದರು. ಹಿಡಿತ ಬುಡದಿಂದ ಸಡಿಲುತ್ತ ಮೇಲಕ್ಕೆ ಹೋಗುತ್ತಿತ್ತು. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಹೊರಗಿನಿಂದ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಛಾವಣಿ ಸಮೇತ ಇಡೀ ಮನೆ ಒಮ್ಮೆಗೇ ಕೂತುಬಿಡುತ್ತಿತ್ತು. ರೋಬಾಟುಗಳು ಬಂದು ಮಣ್ಣು ಬಳಿದುಕೊಂಡು ಹೋಗಿ ಬೇರೆ ಕಡೆ ಶಾಲೆಯನ್ನೋ ಆಸ್ಪತ್ರೆಯನ್ನೋ ಕಟ್ಟುತ್ತಿದ್ದವು. ಬಿಚ್ಚಲು ಶುರುವಾದ ಮನೆಯನ್ನು ನಡುವೆ ನಿಲ್ಲಿಸಲು ಬರುವಂತಿರಲಿಲ್ಲ. ಕರೆಂಟು ಹೋಗಿ ಅರ್ಧ ಬಿಚ್ಚಿದ ಗೋಡೆ ಯಾರ ತಲೆಯ ಮೇಲಾದರೂ ಬಿದ್ದರೆ ಗತಿಯೇನು ಎಂದು ಯೋಚಿಸಿ ಸುಂಕಮ್ಮನೇ ಹಾಗೆ ಮಾಡಿದ್ದಳು. ಜೋಪಾನದ ಬುದ್ಧಿ ಅವಳದು.

ಹಾಗಾದರೆ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಮನೆ ಕಟ್ಟಿಸುತ್ತಿದ್ದ ಕಂಪನಿಯವರು ಮನೆಗೊಂದು ಕ್ಯಾಮೆರಾ ಇಡುತ್ತೇವೆಂದರು. ಕೇರಿಯ ಸಭೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಹುಲಿಗೆಮ್ಮ ಮಾತ್ರ ಎದ್ದು ನಿಂತಳು.

"ನಮ್ಮ ಮನಿಯಾಗ ನಾವು ಕುಂತೀವೋ ಮಲಗೀವೋ ನೋಡಾಕ ಗ್ವಾಡಿಗೆ ಕಣ್ಣು ಬ್ಯಾಡ್ರಿ. ಕಣ್ಣು ಇಡೋದಾದ್ರ ನನಗ ಮನಿನೂ ಬ್ಯಾಡ."

"ಮತ್ತ ನೀ ಒಳಗ ಇದ್ದಿ ಅಂತ ಗೊತ್ತಾಗೋದು ಹೆಂಗ ಅತ್ತಿಗಿ?" ಎಂದು ವೇದಿಕೆಯ ಮೇಲಿದ್ದ ಸುಂಕಮ್ಮ ನಗುತ್ತ ಕೇಳಿದಳು.

"ಹಂಚು ಒಲಿ ಮ್ಯಾಲೆ ಇಟ್ಟು ಇಳಿಸೋದು ತಿಳಿಯಂಗಿಲ್ಲೇನು ನಿನ್ನ ಗ್ವಾಡಿಗೆ? ಹಂಚು ಅಲುಗಿದ್ರ ಜನ ಅದಾರ ಅಂತ ತಿಳ್ಕೊ."

ಸಭೆ ನಕ್ಕಿತು. ಸುಂಕಮ್ಮ ಮಾತ್ರ ನಗಲಿಲ್ಲ. ಆ ಮಾತು ನೇರ ಅವಳ ತಲೆಯೊಳಗೆ ಹೋಗಿ ಕೂತಿತ್ತು. ಗೋಡೆ ಕಾಂತದ್ದು, ಹಂಚು ಕಬ್ಬಿಣದ್ದು. ಒಲೆಯ ಮೇಲೆ ಹಂಚು ಸರಿದಾಡಿದರೆ ಗೋಡೆಯ ಕಾಂತ ಸಣ್ಣಗೆ ಅದುರಲೇಬೇಕು. ಬೀಗದ ಬಳೆ ಆ ಅದುರನ್ನು ಹಿಡಿಯಬಲ್ಲದು. ಕೆಲವೇ ತಿಂಗಳಲ್ಲಿ ಅವಳು ಅದನ್ನು ಮಾಡಿ ತೋರಿಸಿದಳು. ಬೀದಿಯಲ್ಲಿ ಹೋಗುವ ಸೈಕಲ್ಲು, ಬಂದು ಹೋಗುವವರ ಬೀಗದ ಕೈ ಇವನ್ನೆಲ್ಲ ಬದಿಗಿಟ್ಟು, ಆಯಾ ಮನೆಯ ಹಂಚು, ಈಳಿಗೆ, ಬಾಗಿಲಿನ ಚಿಲಕ, ಇಷ್ಟನ್ನು ಯಂತ್ರ ಗುರುತು ಹಿಡಿಯುವುದನ್ನು ಕಲಿಯಿತು. ಮನೆಯ ಕಬ್ಬಿಣ ಅಲುಗುತ್ತಿದ್ದರೆ ಪರದೆಯ ಮೇಲೆ ಆ ಮನೆಯ ಚುಕ್ಕೆ ಹಸಿರು. ಒಂದು ವಾರ ಅಲುಗದಿದ್ದರೆ ಬೂದು, ಅಂದರೆ ಖಾಲಿ ಮನೆ. ಯಾರ ಮಾನಕ್ಕೂ ಕೈ ಹಾಕದೆ ಎಲ್ಲರ ಜೀವ ಕಾಯುವ ಉಪಾಯ ಎಂದು ದೂರದೂರದವರು ಬಂದು ಹೊಗಳಿ ಹೋದರು. ಪರ ಊರಿಗೆ ಹೋಗುವವರು ವಾರ ಮೀರುವುದಾದರೆ ಕಚೇರಿಗೆ ತಿಳಿಸಿ ಹೋಗುವುದು ರೂಢಿಯಾಯಿತು. ಮನೆಯಲ್ಲೇ ಇರುವವರು ಏನನ್ನು ತಿಳಿಸಬೇಕು?

ಮೊದಮೊದಲು ಬೂದು ಚುಕ್ಕೆಯ ಮನೆಗೆ ಮೌಲಾಸಾಬ ಎಂಬ ಕಾವಲಿನವನು ಹೋಗಿ, ಬಾಗಿಲು ಬಡಿದು, ಕೋಣೆ ಕೋಣೆ ಇಣುಕಿ, ಸುತ್ತಲಿನವರನ್ನು ಬೈದು ದೂರ ಕಳಿಸಿ, ಆಮೇಲೆ ಬಿಚ್ಚಲು ಹೇಳುತ್ತಿದ್ದ. ವರ್ಷಗಟ್ಟಲೆ ಯಂತ್ರ ಒಂದು ಸಲವೂ ತಪ್ಪಲಿಲ್ಲ. ತಪ್ಪದ ಯಂತ್ರದ ಹಿಂದೆ ಸಂಬಳ ಕೊಟ್ಟು ಮನುಷ್ಯನನ್ನು ಯಾಕೆ ಕಳಿಸಬೇಕೆಂದು ಕಂಪನಿ ಕೇಳಿತು. ಸುಂಕಮ್ಮನಿಗೂ ತನ್ನ ಯಂತ್ರದ ಮೇಲೆ ಅಭಿಮಾನ; ತಲೆಯಾಡಿಸಿದಳು. ಮೌಲಾಸಾಬನ ಬದಲಿಗೆ ಗಣಿಯ ಹಳೆಯ ಶೆಡ್ಡಿನಿಂದ ಸೈರನ್ ತಂದು ನೀರಿನ ಟ್ಯಾಂಕಿನ ಮೇಲೆ ಕೂರಿಸಿದರು. ಎಂದಾದರೂ ತುರ್ತು ಬಂದರೆ ಜನರನ್ನು ಹೊರಗೆ ಕರೆಯಲು ಇರಲಿ ಎಂದು. ಹಾಗೆ ಕೂಗಿಸುವ ಪ್ರಸಂಗ ಇಲ್ಲಿಯ ತನಕ ಬಂದಿರಲಿಲ್ಲ.

* * *

ಎರ್ರಿಸ್ವಾಮಿ ಸತ್ತದ್ದು ಬೇಸಿಗೆ ಶುರುವಾಗುವ ಹೊತ್ತಿಗೆ. ಎದೆಯಲ್ಲಿ ಉಸಿರಿಗಿಂತ ಧೂಳೇ ಹೆಚ್ಚಾಗಿತ್ತು. ಕೊನೆಯ ದಿನಗಳಲ್ಲಿ ಅವನು ಗೋಡೆಗೆ ಅಂಗೈ ಒತ್ತಿ ಮಲಗುತ್ತಿದ್ದ. "ಈ ಮಣ್ಣ ನಾನೇ ತುಂಬಿದ್ದು, ನೋಡು ತಂಗಿ. ಒಳಗೂ ಅದ ಐತಿ, ಹೊರಗೂ ಅದ ಐತಿ" ಎಂದು ನಕ್ಕು ಕೆಮ್ಮಿದ್ದ.

ಮಣ್ಣು ಮಾಡಿ ಬಂದ ಮೇಲೆ ಮನೆ ಗವ್ವೆಂದಿತು. ಕೇರಿಯ ಮೂರನೇ ಸಾಲಿನ ಕೊನೆಯ ಮನೆ ಅದು. ಅದರ ಪಕ್ಕದ ಎರಡು ಮನೆಗಳು ಆಗಲೇ ಬಿಚ್ಚಿ ಹೋಗಿ ಬಯಲಾಗಿದ್ದವು. ಸಾವಿನ ಮನೆಯ ಬಾಗಿಲು ಹಾಕಬಾರದೆಂದು ಹಗಲೂ ರಾತ್ರಿ ತೆರೆದೇ ಇಟ್ಟಿದ್ದರು. ಹೆಣ ಮಲಗಿಸಿದ್ದ ಜಾಗದಲ್ಲಿ ಒಂದು ಹಣತೆ. ಒಲೆ ಹೊತ್ತಿಸುವಂತಿರಲಿಲ್ಲ. ಎದುರು ಸಾಲಿನ ಮಾಬುನ್ನಿ ಹೊತ್ತು ಹೊತ್ತಿಗೆ ಸ್ಟೀಲಿನ ಡಬ್ಬಿಯಲ್ಲಿ ಬುತ್ತಿ ತಂದಿಟ್ಟು, ಉಣ್ಣುವ ತನಕ ಎದುರಿಗೆ ಕೂತು, ಖಾಲಿ ಡಬ್ಬಿ ಒಯ್ಯುತ್ತಿದ್ದಳು. ಅವಳ ಸ್ಟೀಲಿಗೆ ಕಾಂತ ಅಂಟುವುದಿಲ್ಲ. ಗೋಡೆಗೆ ಅದು ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಮೂರು ದಿನ ಸುಂಕಮ್ಮ ಅತ್ತಿಗೆಯ ಪಕ್ಕದಲ್ಲೇ ಮಲಗಿದಳು. ಮದುವೆಯಾಗದೆ ಉಳಿದವಳು, ಕಂಪನಿಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವವಳು. ಅವಳಿಗೂ ತವರು, ತಾಯಿ, ಸಂಸಾರ ಎಲ್ಲ ಈ ಒಬ್ಬ ಹೆಂಗಸೇ. ಅತ್ತಿಗೆ ಅಳುತ್ತಿರಲಿಲ್ಲ. ಗಂಡ ಒರಗುತ್ತಿದ್ದ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಎತ್ತಿ ಕೂರಿಸಿದರೆ ಕೂರುತ್ತಿದ್ದಳು, ತುತ್ತು ಬಾಯಿಗಿಟ್ಟರೆ ನುಂಗುತ್ತಿದ್ದಳು. ಸುಂಕಮ್ಮ ಅವಳ ಎದುರಿಗೆ ಸರಿದು ಕೂತಳು.

"ನನ್ನ ಜೋಡಿ ಬಾ ಅತ್ತಿಗಿ. ಇಲ್ಲಿ ಒಬ್ಬಾಕೀನ ಹೆಂಗ ಇರ್ತಿ?"

"ತಿಥಿ ಆಗೋ ತನಕ ಈ ಮನಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ ಸುಂಕಿ. ನಿಮ್ಮಣ್ಣ ತಿರುಗಿ ಬಂದು ನೋಡ್ತಾನ. ಮನ್ಯಾಗ ಯಾರೂ ಇಲ್ಲಂದ್ರ ಅವಗ ಹೆಂಗ ಅನಸಬೇಕು?"

"ಹಂಗಾರ ನಾನ ಇಲ್ಲಿ ಇರ್ತೀನಿ."

"ನಿನಗ ಕಚೇರಿಯಿಂದ ಫೋನ್ ಬಂದದ್ದು ನನಗ ಕೇಳಿಲ್ಲೇನು? ದವಾಖಾನಿ ಕಟ್ಟಾಕತ್ತೀರಿ, ಅದು ಮದ್ಲು ಆಗ್ಲಿ. ಅಂಥಾದ್ದೊಂದು ಇದ್ದಿದ್ರ ನಿಮ್ಮಣ್ಣ ಇನ್ನೊಂದೆರಡು ವರ್ಷ ಇರ್ತಿದ್ದ." ಹುಲಿಗೆಮ್ಮ ಬಹಳ ಹೊತ್ತಿನ ಮೇಲೆ ನಾದಿನಿಯ ಮುಖ ನೋಡಿದಳು. "ನೀ ಕಟ್ಟಿದ ಮನಿ ಐತಿ. ನನಗೇನಾಗತೈತಿ, ಹೋಗು."

ಹೊರಡುವಾಗ ಸುಂಕಮ್ಮನ ಕಣ್ಣು ಅಡಿಗೆಮನೆಯ ಗೋಡೆಯ ಮೇಲೆ ಬಿತ್ತು. ರೊಟ್ಟಿಯ ಹಂಚನ್ನು ಯಾರೋ ತೊಳೆದು ಎತ್ತರದಲ್ಲಿ, ಛಾವಣಿಯ ಹತ್ತಿರ ಅಂಟಿಸಿಟ್ಟಿದ್ದರು. ತಿಥಿಯ ತನಕ ಅದನ್ನು ಇಳಿಸುವಂತಿಲ್ಲ. ಎಷ್ಟು ವರ್ಷ ಆ ಹಂಚಿನ ಬಿಸಿ ರೊಟ್ಟಿ ತಿಂದಿದ್ದೇನೆ ಎಂದುಕೊಂಡಳು, ಅಣ್ಣ ರೊಟ್ಟಿಯ ಮೇಲೆ ಎಣ್ಣೆ ಖಾರಪುಡಿ ಹಾಕಿ ಸುತ್ತಿ ಕೊಡುತ್ತಿದ್ದದ್ದು ಕಣ್ಣಿಗೆ ಕಟ್ಟಿತು, ಸೆರಗಿನಿಂದ ಮುಖ ಒರೆಸಿಕೊಂಡು ಹೊರಟಳು.

ಹಂಚು ಅಲುಗದಿದ್ದರೆ ಮನೆ ಖಾಲಿ ಎಂದು ಯಂತ್ರಕ್ಕೆ ಹೇಳಿಕೊಟ್ಟವಳು ಅವಳು. ಸಾವಿನ ಮನೆಯಲ್ಲಿ ಹಂಚು ಅಲುಗುವುದಿಲ್ಲವೆಂದು ಬಲ್ಲವಳೂ ಅವಳೇ. ಈ ಎರಡು ತಿಳಿವಳಿಕೆಗಳು ಒಂದೇ ತಲೆಯಲ್ಲಿದ್ದವು, ಒಂದಕ್ಕೊಂದು ಭೇಟಿಯಾಗಲಿಲ್ಲ. ಕಚೇರಿಯಲ್ಲಿ ಅವಳು ಇಂಜಿನಿಯರು, ಇಲ್ಲಿ ಅಣ್ಣನನ್ನು ಕಳಕೊಂಡ ತಂಗಿ. ನಾವೆಲ್ಲ ಹಾಗೆಯೇ ಬದುಕುತ್ತೇವೆ, ಹೆಚ್ಚಿನವರಿಗೆ ಅದರಿಂದ ಏನೂ ಆಗುವುದಿಲ್ಲ. ಕೇರಿ ಕಟ್ಟಿದ ಮೇಲೆ ಸತ್ತವರು ಬೇಕಾದಷ್ಟು ಜನ. ಆದರೆ ಅವು ತುಂಬಿದ ಮನೆಗಳು. ಎಲ್ಲೋ ಒಂದು ಕಡೆ ಮಕ್ಕಳು ಬಾಗಿಲಿನ ಚಿಲಕ ಎಳೆದಾಡುತ್ತಿದ್ದರು, ಯಾರೋ ಒಬ್ಬರು ಮಗುವಿಗೆಂದು ಮಾವಿನಕಾಯಿ ಹೆಚ್ಚಲು ಈಳಿಗೆ ತೆಗೆಯುತ್ತಿದ್ದರು. ಒಬ್ಬಂಟಿ ಹೆಂಗಸು ಸುಮ್ಮನೆ ಕೂತ ಸಾವಿನ ಮನೆ ಇದೇ ಮೊದಲು.

* * *

ನಿಯಂತ್ರಣ ಕೋಣೆ ಇದ್ದದ್ದು ಗಣಿಯ ಹಳೆಯ ಆಫೀಸಿನಲ್ಲಿ, ಹೊಂಡದ ಆಚೆ ದಂಡೆಯ ಗುಡ್ಡದ ಮೇಲೆ. ಅಲ್ಲಿಂದ ಕೇರಿ ಅಂಗೈಯಗಲ ಕಾಣುತ್ತಿತ್ತು. ಕಣ್ಣಿಗೆ ಹತ್ತಿರ, ದಾರಿಗೆ ದೂರ: ಹೊಂಡವನ್ನೆಲ್ಲ ಸುತ್ತಿ ಹೋಗಬೇಕು.

ಎರ್ರಿಸ್ವಾಮಿ ಸತ್ತ ಎಂಟನೇ ದಿನ ಬೆಳಿಗ್ಗೆ ಸುಂಕಮ್ಮ ಒಳಗೆ ಕಾಲಿಟ್ಟಾಗ ಸುದರ್ಶನ್ ಚಹಾ ಕುಡಿಯುತ್ತ ಪರದೆಯ ಮುಂದೆ ಕೂತಿದ್ದ. ಮಂಡ್ಯದ ಕಡೆಯವನು, ಅವಳ ಕೈಕೆಳಗಿನ ಇಂಜಿನಿಯರು, ಕೆಲಸದಲ್ಲಿ ಚುರುಕು.

"ಮೇಡಂ, ಆಸ್ಪತ್ರೆ ಛಾವಣಿಗೆ ಮಣ್ಣು ಸಾಲ್ತಿರ್ಲಿಲ್ಲ ಅಂತ ರಾತ್ರಿಯಿಂದ ತಲೆ ಕೆಟ್ಟೋಗಿತ್ತು. ಈಗ ನಿಮಗೆ ಚಿಂತೆ ಇಲ್ಲ. ಮೂರನೇ ಸಾಲಲ್ಲಿ ಒಂದು ಮನೆ ಚುಕ್ಕೆ ಬೂದು ಆಯ್ತು, ಈಗಷ್ಟೇ ಬಿಚ್ಚೋಕೆ ಶುರುವಾಗಿದೆ."

"ಯಾವುದು?"

"ಕೊನೇದು."

ಸುಂಕಮ್ಮನ ಕೈಚೀಲ ಕೆಳಗೆ ಬಿತ್ತು. ಅವಳು ಪರದೆಯ ಹತ್ತಿರ ಬಂದು ಬಾಗಿದಳು. ಮೂರನೇ ಸಾಲಿನ ತುದಿಯ ಚುಕ್ಕೆ ಬೂದಾಗಿತ್ತು, ಅದರ ಸುತ್ತ ಬಿಚ್ಚುವ ಗುರುತಿನ ಕೆಂಪು ಉಂಗುರ ಮೂಡಿತ್ತು. ಎತ್ತರದಲ್ಲಿ ಅಂಟಿಸಿದ್ದ ಹಂಚು ಅವಳ ಕಣ್ಣ ಮುಂದೆ ಬಂತು. ಎಲ್ಲ ಒಂದೇ ಏಟಿಗೆ ತಿಳಿಯಿತು.

"ಅಲ್ಲಿ ನಮ್ಮ ಅತ್ತಿಗೆ ಇದ್ದಾರೆ" ಎಂದಳು.

ಸುದರ್ಶನ್ ಚಹಾದ ಲೋಟ ಕೆಳಗಿಟ್ಟ. "ಇಲ್ಲ ಮೇಡಂ, ಒಂದು ವಾರದಿಂದ ಏನೂ ಅಲುಗಾಡಿಲ್ಲ. ಹಂಚಿಲ್ಲ, ಈಳಿಗೆಯಿಲ್ಲ, ಚಿಲಕವಿಲ್ಲ. ನಾನೇ ಎರಡು ಸಲ ನೋಡಿದೆ."

"ಸಾವಿನ ಮನೆ ಅದು. ಒಲೆ ಹಚ್ಚಲ್ಲ, ಬಾಗಿಲು ಹಾಕಲ್ಲ."

ಅವನ ಊರಿನಲ್ಲೂ ಸಾವಿನ ಮನೆಗಳಿದ್ದವು. ಅವನಿಗೂ ಹೊಳೆದಿರಲಿಲ್ಲ.

"ನಿಲ್ಸೋಣ ಮೇಡಂ. ಏನಾದ್ರೂ ದಾರಿ ಇರಬೇಕು."

"ಇಲ್ಲ. ಇಲ್ಲದ ಹಾಗೆ ನಾನೇ ಮಾಡಿದ್ದು." ಅವಳ ದನಿ ಅವಳಿಗೇ ಬೇರೆಯವರದ್ದೆನಿಸಿತು. "ಜೀಪು ಕಳಿಸು. ಓಡು."

ಜೀಪು ಹೊಂಡ ಸುತ್ತಿ ಮುಟ್ಟುವುದರೊಳಗೆ ಮನೆ ಇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವನು ಓಡಿ ಹೋಗಿ ಡ್ರೈವರನನ್ನು ಅಟ್ಟಿ ಬಂದ. ಅಷ್ಟರಲ್ಲಿ ಸುಂಕಮ್ಮ ಅಣ್ಣನ ನಂಬರಿಗೆ ಫೋನ್ ಮಾಡಿದ್ದಳು. ಅದು ಸ್ವಿಚ್ ಆಫ್. ಅಣ್ಣ ಹೋದ ಮೇಲೆ ಅದಕ್ಕೆ ಚಾರ್ಜು ಹಾಕುವವರು ಯಾರು. ಹುಲಿಗೆಮ್ಮ ಜನ್ಮದಲ್ಲಿ ಫೋನ್ ಇಟ್ಟುಕೊಂಡವಳಲ್ಲ. ಮಾಬುನ್ನಿಯ ಫೋನು ರಿಂಗಾಯಿತು, ರಿಂಗಾಗುತ್ತಲೇ ಇತ್ತು, ಕೊನೆಗೂ ಎತ್ತಿದಳು. ಹಿಂದೆ ಸಂತೆಯ ಗದ್ದಲ.

"ಮಾಬುನ್ನಿ, ಮನ್ಯಾಗ ಅದಿಯೇನು?"

"ಇಲ್ಲ ಬೇ ಯವ್ವಾ, ಬಳಿ ಮಾರಾಕ ಸಂತಿಗೆ ಬಂದೀನಿ. ಹುಲಿಗೆಮ್ಮಗ ಮುಂಜಾನೆನ ಬುತ್ತಿ ಕೊಟ್ಟ ಬಂದೀನಿ, ನೀ ಚಿಂತಿ ಮಾಡಬ್ಯಾಡ."

"ಕೇರ್ಯಾಗ ಯಾರ್ದರ ನಂಬರ್ ಐತೇನು ನಿನ್ನ ಹತ್ರ? ಮೂರನೇ ಸಾಲಿನವ್ರದು?"

"ನನ್ನ ಹತ್ರ ಯಾರ ನಂಬರೂ ಇಲ್ಲ ಬೇ. ಮೂರನೇ ಸಾಲಿನ್ಯಾಗ ಈಗ ಯಾರದಾರವ್ವ, ಎಲ್ಲಾ ಖಾಲಿ ಆಗೇತಲ್ಲ. ಯಾಕವ್ವ, ಏನಾತು?"

ಸುಂಕಮ್ಮ ಫೋನ್ ಇಟ್ಟಳು.

"ಮೇಡಂ, ಇಲ್ಲಿ ನೋಡಿ" ಎಂದು ಸುದರ್ಶನ್ ಕೂಗಿದ.

ನೀರಿನ ಟ್ಯಾಂಕಿನ ಮೇಲೆ ಒಂದು ಕ್ಯಾಮೆರಾ ಇತ್ತು. ಮನೆಯೊಳಗಲ್ಲ, ಬೀದಿಯನ್ನಷ್ಟೇ ನೋಡುವಂಥದ್ದು, ರೋಬಾಟುಗಳ ಹಳಿ ಕಾಯಲು. ಅದಕ್ಕೆ ಜನ ಒಪ್ಪಿದ್ದರು. ಅದರ ಪರದೆಯಲ್ಲಿ ಮೂರನೇ ಸಾಲಿನ ಕೊನೆಯ ಮನೆ ಸಣ್ಣದಾಗಿ ಕಾಣುತ್ತಿತ್ತು. ತೆರೆದ ಬಾಗಿಲು. ಬಾಗಿಲ ಮುಂದೆ, ಅಂಗಳ ದಾಟಿ, ಬೀದಿಯಂಚಿನ ಕಲ್ಲುಕಟ್ಟೆಯ ಮೇಲೆ ಬಿಳಿ ಸೀರೆಯ ಒಂದು ಆಕೃತಿ. ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು ಹುಲಿಗೆಮ್ಮ.

ಸುಂಕಮ್ಮನಿಗೆ ಸಮಾಧಾನವಾಯಿತು. ಹೊರಗಿದ್ದಾಳೆ. ಮನೆ ಹೋದರೆ ಹೋಗಲಿ, ಅತ್ತಿಗೆ ಹೊರಗಿದ್ದಾಳೆ. ಕಲ್ಲುಕಟ್ಟೆ ಬಿಡಿ ಕಲ್ಲಿನದ್ದು, ಗೋಡೆಯಿಂದ ದೂರ. ಹಾಗೇ ಕೂತಿದ್ದರೆ ಸಾಕು.

"ಅಲ್ಲೇ ಇರ್ತಾರಾ ಮೇಡಂ? ಬಿಸಿಲು ಏರ್ತಾ ಇದೆ" ಎಂದ ಸುದರ್ಶನ್. "ಬಾಯಾರಿಕೆ ಅಂತ ಎದ್ದು ಒಳಗೆ ಹೋಗ್ಬಿಟ್ರೆ?"

ಆ ಮಾತು ಕೇಳಿದ್ದೇ ತಡ, ಸುಂಕಮ್ಮನಿಗೆ ಮತ್ತೆ ಜೀವ ಬಾಯಿಗೆ ಬಂತು. ನಿಜ. ಅತ್ತಿಗೆ ಯಾವ ಗಳಿಗೆಯಲ್ಲೂ ಏಳಬಹುದು. ಅವಳನ್ನು ಇನ್ನೂ ದೂರ ಕಳಿಸಬೇಕು. ಬೀದಿಗೆ ಇಳಿಸಬೇಕು. ಅಕ್ಕಪಕ್ಕದ ಸಾಲಿನವರು ಹೊರಗೆ ಬಂದು ನೋಡಿ ಅವಳನ್ನು ಹಿಡಿದು ಕರೆದೊಯ್ಯಬೇಕು. ಹೊಂಡದ ಈಚೆಯಿಂದ ಎಷ್ಟು ಕಿರುಚಿದರೂ ಕೇಳುವುದಿಲ್ಲ. ಕೇಳುವಂಥದ್ದು ಒಂದೇ ಇತ್ತು. ತುರ್ತಿಗೆ ಇರಲಿ ಎಂದು ಇಟ್ಟಿದ್ದು, ಜನರನ್ನು ಹೊರಗೆ ಕರೆಯಲು ಇಟ್ಟಿದ್ದು.

ಅವಳು ಕೆಂಪು ಗುಂಡಿಯ ಮೇಲಿನ ಗಾಜು ಸರಿಸಿ ಒತ್ತಿದಳು.

ಇಪ್ಪತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದ ಸೈರನ್ ಕೆಂಗುಡ್ಡದ ಮೇಲೆ ಎದ್ದಿತು. ಮೊದಲು ಕೆಮ್ಮಿದ ಹಾಗೆ, ಆಮೇಲೆ ಏರುತ್ತ ಏರುತ್ತ ಹೊಂಡದ ಗೋಡೆಗಳಿಗೆಲ್ಲ ಬಡಿದು ತಿರುಗಿ ಬರತೊಡಗಿತು. ಗುಡ್ಡದ ಮೇಲೆ ನಿಯಂತ್ರಣ ಕೋಣೆಯ ಕಿಟಕಿಗಾಜು ಕೂಡ ನಡುಗಿತು. ಪರದೆಯಲ್ಲಿ ಬಿಳಿ ಸೀರೆಯ ಆಕೃತಿ ತಲೆ ಎತ್ತಿತು.

"ಎದ್ರು" ಎಂದ ಸುದರ್ಶನ್. "ಮೇಡಂ, ಎದ್ದು ನಿಂತ್ರು."

ಒಂದು ವಾರದಿಂದ ಯಾರಾದರೂ ಎಬ್ಬಿಸದೆ ಏಳದಿದ್ದವಳು ತಾನಾಗಿ ಎದ್ದು ನಿಂತಿದ್ದಳು. ಸುಂಕಮ್ಮ ಪರದೆಯ ಮೇಲೆ ಕೈಯಿಟ್ಟು, "ನಡಿ ಅತ್ತಿಗಿ, ಬೀದಿಗೆ ನಡಿ" ಎಂದು ಪಿಸುಗುಟ್ಟಿದಳು.

ಆಗ ಪಕ್ಕದ ದೊಡ್ಡ ಪರದೆಯ ಮೇಲೆ ಏನೋ ಆಗತೊಡಗಿತು. ಮೊದಲನೇ ಸಾಲಿನ ಚುಕ್ಕೆಗಳು ಒಂದಾದ ಮೇಲೊಂದು ಪಳಪಳ ಮಿನುಗಿದವು. ಎರಡನೇ ಸಾಲು ಮಿನುಗಿತು. ನಾಲ್ಕನೆಯದು, ಐದನೆಯದು. ಕೇರಿಯ ಮನೆಮನೆಯಲ್ಲೂ ಕಬ್ಬಿಣ ಅಲುಗುತ್ತಿತ್ತು.

"ಏನಿದು? ಎಲ್ಲಾ ಮನೇಲೂ ಒಟ್ಟಿಗೆ?" ಎಂದ ಸುದರ್ಶನ್. ಚುಕ್ಕೆಯ ಮೇಲೆ ಬೆರಳಿಟ್ಟು ಓದಿದ. "ಚಿಲಕ. ಎಲ್ಲಾ ಚಿಲಕ ಮೇಡಂ. ಜನ ಬಾಗಿಲು ಹಾಕ್ಕೊತಿದಾರೆ. ಯಾಕೆ ಹಾಕ್ಕೊತಿದಾರೆ?"

ಬೀದಿಯ ಪರದೆಯಲ್ಲಿ, ಎರಡನೇ ಸಾಲಿನ ಕಡೆಯಿಂದ ಒಬ್ಬ ಹೆಂಗಸು ಸೆರಗು ಬಿಗಿದುಕೊಂಡು ಓಡಿ ಬಂದಳು. ಧೂಳಿನಲ್ಲಿ ಆಡುತ್ತಿದ್ದ ಮಗುವನ್ನು ರಟ್ಟೆ ಹಿಡಿದು ಎಳೆದಳು. ಮಗುವಿಗೆ ಏನೂ ಅರ್ಥವಾಗದೆ ಕಾಲು ಎಳೆಯುತ್ತ ಅಳುತ್ತ ಹೋಯಿತು.

ಸುಂಕಮ್ಮನ ರಟ್ಟೆಯ ಮೇಲೆ ಆ ಹಿಡಿತ ಹಾಗೇ ಬಂದು ಕೂತಿತು. ಎರಡೂ ಕಿವಿಗಳ ಮೇಲೆ ಒರಟು ಅಂಗೈ, ಹಿಟ್ಟಿನ ವಾಸನೆ, ತಗಡಿನ ಮೇಲೆ ಕಲ್ಲು ಉದುರುವ ಸದ್ದು. ಗುಂಡಿಯ ಕಡೆ ಕೈ ಚಾಚಿದವಳು ಅರ್ಧಕ್ಕೇ ನಿಲ್ಲಿಸಿದಳು. ಸೈರನ್ ನಿಂತಿತೆಂದರೆ ಕಲ್ಲು ಬಂತೆಂದು ಲೆಕ್ಕ. ನಿಲ್ಲಿಸಿದರೆ ಅತ್ತಿಗೆ ಇನ್ನೂ ಬೇಗ ಓಡುತ್ತಾಳೆ. ಕೂಗಿದರೂ ಒಳಗೆ, ನಿಂತರೂ ಒಳಗೆ. ಹೊರಗೆ ಬಾ ಎಂದು ಹೇಳುವ ಸದ್ದು ಕೆಂಗುಡ್ಡದಲ್ಲಿ ಯಾವತ್ತೂ ಇರಲಿಲ್ಲ.

"ಆಫ್ ಮಾಡ್ಲಾ ಮೇಡಂ? ಹೇಳಿ, ಏನ್ ಮಾಡ್ಲಿ?"

ಅವಳು ಬೀದಿಯ ಪರದೆಗೆ ಬಾಗಿದಳು.

ಪರದೆಯಲ್ಲಿ ಹುಲಿಗೆಮ್ಮ ಅಂಗಳ ದಾಟಿ ಬಾಗಿಲ ತನಕ ಹೋಗಿದ್ದಳು. ಹೊಸ್ತಿಲ ಮೇಲೆ ನಿಂತು ತಿರುಗಿದಳು. ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಖಾಲಿ ಬೀದಿ. ಅಲ್ಲಿ ಎಳೆದುಕೊಂಡು ಹೋಗಲು ಯಾರೂ ಇರಲಿಲ್ಲ. ಆದರೂ ಒಂದು ಗಳಿಗೆ ಕಾದಳು, ಯಾರೋ ಇನ್ನೂ ಆಟ ಬಿಟ್ಟು ಬರಬೇಕಾಗಿದೆ ಎನ್ನುವ ಹಾಗೆ.

"ನಾ ಇಲ್ಲಿದೀನಿ ಅತ್ತಿಗಿ" ಎಂದಳು ಸುಂಕಮ್ಮ. ಗಾಜಿನ ಮೇಲೆ ಅವಳ ಉಸಿರು ಮಬ್ಬಾಗಿ ಕೂತಿತು, ಅದನ್ನು ಅಂಗೈಯಿಂದ ಒರೆಸಿದಳು. "ನಾ ಇಲ್ಲಿದೀನಿ. ನನ್ನ ಹುಡುಕಬ್ಯಾಡ, ಹೊರಗ ಬಾ."

ಹುಲಿಗೆಮ್ಮ ಒಳಗೆ ಹೋದಳು. ಸಾವಿನ ಮನೆಯ ಬಾಗಿಲು ಹಾಕಬಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಹೋದಾಗಿನಿಂದ ಅದನ್ನೊಂದನ್ನು ಕಾದುಕೊಂಡು ಕೂತಿದ್ದಳು. ಆದರೆ ಸೈರನ್ ಅದಕ್ಕಿಂತ ಹಳೆಯದು. ಬಾಗಿಲಿನ ಎರಡು ರೆಕ್ಕೆಗಳು ನಿಧಾನವಾಗಿ ಬಂದು ಕೂಡಿಕೊಂಡವು.

ದೊಡ್ಡ ಪರದೆಯ ಮೇಲೆ, ಮೂರನೇ ಸಾಲಿನ ತುದಿಯಲ್ಲಿ, ಕೆಂಪು ಉಂಗುರದ ನಡುವಿನ ಬೂದು ಚುಕ್ಕೆ ಒಮ್ಮೆ ಮಿನುಗಿ ಹಸಿರಾಯಿತು. ಚಿಲಕ ಸರಿದಿತ್ತು. ಉಂಗುರ ಕೆಂಪಾಗೇ ಉಳಿಯಿತು. ಯಂತ್ರ ತನ್ನ ಲೆಕ್ಕವನ್ನು ತಿದ್ದಿಕೊಂಡು, ಚುಕ್ಕೆಯ ಪಕ್ಕದಲ್ಲಿ ತಪ್ಪಿಲ್ಲದೆ ಬರೆಯಿತು: ಮನೆಯಲ್ಲಿ ಜನ ಇದ್ದಾರೆ.